ವಾಲ್ವ್ ಬದಲಿಸಬೇಕು ಅಂದಾಗ: ಯಾವುದನ್ನು ಆರಿಸುವುದು, ಆಪರೇಷನ್‌ಗೆ ಹೇಗೆ ತಯಾರಾಗುವುದು

ಅಕ್ಕನಿಗೆ ಆಗ 53 ವರ್ಷ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಒಮ್ಮೆ ನಿಂತು ಕಂಬಿ ಹಿಡಿದುಕೊಳ್ಳುತ್ತಿದ್ದಳು. ವಯಸ್ಸಾಯ್ತಲ್ಲ ಅಂತ ಅವಳೂ ಸುಮ್ಮನಿದ್ದಳು, ನಾವೂ ಸುಮ್ಮನಿದ್ದೆವು. ಒಂದು ದಿನ ತಲೆ ಸುತ್ತಿ ಬಿದ್ದ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಅಂದರೆ ಅಯೋರ್ಟಿಕ್ ವಾಲ್ವ್, ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗಿ ಚೂರೇ ಚೂರು ತೆರೆಯುತ್ತಿದೆ ಅಂತ ಆವಾಗ ಗೊತ್ತಾಯಿತು. ಬದಲಿಸಲೇಬೇಕು ಅಂದ ಡಾಕ್ಟರ್, ಅದರ ಹಿಂದೆಯೇ ಕೇಳಿದರು: "ಯಾವ ವಾಲ್ವ್ ಹಾಕೋಣ?" ಅದರಲ್ಲಿ ಬೇರೆ ಬೇರೆ ಥರ ಇರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಆ ದಿನದಿಂದ ಅವಳು ಮನೆಗೆ ವಾಪಸ್ ಬರುವವರೆಗೂ ಫೈಲ್ ಹಿಡಿದು ಓಡಾಡಿದವಳು ನಾನು. ನಾನು ಡಾಕ್ಟರ್ ಅಲ್ಲ. ಆದರೆ ಏನನ್ನು ಯಾವಾಗ ಕೇಳಬೇಕಿತ್ತು, ಯಾವ ಕೆಲಸ ಮೊದಲು ಮುಗಿಸಬೇಕಿತ್ತು ಅನ್ನುವುದು ಈಗ ಚೆನ್ನಾಗಿ ಗೊತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ನಿಲ್ಲಿಸುವುದು, ಶುರು ಮಾಡುವುದು ಮಾತ್ರ ನಿಮ್ಮ ಡಾಕ್ಟರ್ ಹೇಳಿದಂತೆಯೇ ಆಗಬೇಕು.

ಮೊದಲು ನಿಮ್ಮ ವಾಲ್ವ್ ಬಗ್ಗೆ ತಿಳಿದುಕೊಳ್ಳಿ

ಹೃದಯದಲ್ಲಿ ನಾಲ್ಕು ವಾಲ್ವ್ ಇವೆ. ಜಾಸ್ತಿ ಕೆಡುವುದು ಎಡಗಡೆಯ ಎರಡು, ಅಯೋರ್ಟಿಕ್ ಮತ್ತು ಮೈಟ್ರಲ್. ಕೆಡುವುದರಲ್ಲೂ ಎರಡು ರೀತಿ. ಒಂದು, ಸರಿಯಾಗಿ ತೆರೆಯುವುದಿಲ್ಲ. ಇನ್ನೊಂದು, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಕೆಲವರಿಗೆ ಎರಡೂ ಇರುತ್ತದೆ. ಕಾರಣ ವಯಸ್ಸಿರಬಹುದು, ಚಿಕ್ಕವರಿದ್ದಾಗ ಗಂಟಲು ನೋವಿನ ನಂತರ ಬಂದ ರುಮ್ಯಾಟಿಕ್ ಜ್ವರ ಇರಬಹುದು, ವಾಲ್ವ್‌ಗೆ ತಗುಲಿದ ಸೋಂಕಿರಬಹುದು. ಅಕ್ಕನಿಗೆ ಹುಟ್ಟಿನಿಂದಲೇ ಅಯೋರ್ಟಿಕ್ ವಾಲ್ವ್‌ನಲ್ಲಿ ಮೂರು ಎಸಳಿನ ಬದಲು ಎರಡೇ ಇತ್ತು. ಹಾಗಿದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಒಂದು ಎಕೋ ಮಾಡಿಸಿ ನೋಡುವುದು ಒಳ್ಳೆಯದು, ನಾನೂ ಮಾಡಿಸಿಕೊಂಡೆ.

ಎಕೋ ರಿಪೋರ್ಟ್ ಕೈಗೆ ಬಂದಾಗ ಅಂಕಿಗಳ ಅರ್ಥ ಕೇಳಿ. ಉದಾಹರಣೆಗೆ ಆರೋಗ್ಯವಾಗಿರುವ ದೊಡ್ಡವರ ಅಯೋರ್ಟಿಕ್ ವಾಲ್ವ್ 3ರಿಂದ 4 ಚದರ ಸೆಂಟಿಮೀಟರ್ ಅಗಲ ತೆರೆಯುತ್ತದೆ. ಅದು 1ಕ್ಕಿಂತ ಕಡಿಮೆಯಾದರೆ ತೀವ್ರ ಅಂತ ಲೆಕ್ಕ. ಇಷ್ಟು ಕಿರಿದಾಗಿ, ಜೊತೆಗೆ ಏದುಸಿರು, ಎದೆನೋವು, ತಲೆ ಸುತ್ತು ಶುರುವಾಗಿದ್ದರೆ ಸುಮ್ನೆ ದಿನ ತಳ್ಳಬೇಡಿ. ಹಾಗೇ ಬಿಟ್ಟವರಲ್ಲಿ ಹೆಚ್ಚಿನವರಿಗೆ ಉಳಿಯುವುದು ಕೆಲವೇ ವರ್ಷ. ಕಟ್ಟಿದ ಕ್ಯಾಲ್ಸಿಯಂ ಕರಗಿಸುವ ಮಾತ್ರೆ ಯಾವುದೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: "ಬದಲಿಸದೆ ರಿಪೇರಿ ಮಾಡೋಕೆ ಆಗುತ್ತಾ?" ಸೋರುವ ಮೈಟ್ರಲ್ ವಾಲ್ವ್‌ನಲ್ಲಿ ಎಷ್ಟೋ ಸಲ ರಿಪೇರಿಯೇ ಒಳ್ಳೆಯದು. ನಿಮ್ಮದೇ ವಾಲ್ವ್ ಉಳಿಯುತ್ತದೆ, ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಇದಕ್ಕೆ ಕೈ ಪಳಗಿದ ಸರ್ಜನ್ ಬೇಕು. ವರ್ಷಕ್ಕೆ ಎಷ್ಟು ರಿಪೇರಿ ಮಾಡುತ್ತೀರಿ ಅಂತ ಅವರನ್ನೇ ಕೇಳಿ, ಸಂಕೋಚ ಬೇಡ.

ಯಾವ ವಾಲ್ವ್?

ಸರ್ಜನ್ ಡ್ರಾಯರ್‌ನಿಂದ ಎರಡು ಚಿಕ್ಕ ಡಬ್ಬಿ ತೆಗೆದು, ಒಳಗಿದ್ದ ಮಾದರಿಗಳನ್ನು ಒಂದೊಂದಾಗಿ ಅಕ್ಕನ ಅಂಗೈ ಮೇಲೆ ಇಟ್ಟರು. ಮೊದಲನೆಯದು ಮೆಕ್ಯಾನಿಕಲ್. ದಪ್ಪ ಉಂಗುರದಂತಿತ್ತು, ಸುತ್ತ ಬಿಳಿ ಬಟ್ಟೆಯ ಅಂಚು, ಹೊಲಿಗೆ ಬೀಳುವುದು ಆ ಅಂಚಿಗೆ. ಒಳಗೆ ಕಪ್ಪಗೆ ಹೊಳೆಯುವ ಎರಡು ಅರ್ಧಚಂದ್ರ. ಉಗುರಲ್ಲಿ ಮೆಲ್ಲಗೆ ದೂಡಿದರೆ ತೆರೆಯುತ್ತಿತ್ತು, ಉಂಗುರ ತಿರುಗಿಸಿದರೆ ಟಿಕ್ ಅಂತ ಮುಚ್ಚಿಕೊಳ್ಳುತ್ತಿತ್ತು. ಎರಡನೆಯದು ಟಿಶ್ಯೂ ವಾಲ್ವ್. ಅದರಲ್ಲಿ ಮಾಸಲು ಬಣ್ಣದ ಮೂರು ಎಸಳು, ತೆಳ್ಳಗೆ, ಮುಟ್ಟಿದರೆ ಬಾಗುವಂಥವು. ಹಂದಿಯ ವಾಲ್ವ್‌ನಿಂದ ಅಥವಾ ಹಸುವಿನ ಹೃದಯದ ಹೊರಪೊರೆಯಿಂದ ಇದನ್ನು ಮಾಡುತ್ತಾರೆ. ಯಾವ ಪ್ರಾಣಿಯದು ಅನ್ನುವುದು ನಿಮ್ಮ ಮನಸ್ಸಿಗೆ ಮುಖ್ಯವಾಗಿದ್ದರೆ ಮೊದಲೇ ಹೇಳಿಬಿಡಿ.

ಮೆಕ್ಯಾನಿಕಲ್ ವಾಲ್ವ್ ಸವೆಯುವುದಿಲ್ಲ ಅಂತಲೇ ಹೇಳಬಹುದು. ಈಗಿನವು ಪೈರೋಲಿಟಿಕ್ ಕಾರ್ಬನ್ ಅನ್ನುವ ಗಟ್ಟಿ ವಸ್ತುವಿನವು. 1960ರಲ್ಲಿ ಅಮೆರಿಕದ ಸರ್ಜನ್ ಆಲ್ಬರ್ಟ್ ಸ್ಟಾರ್ ಮತ್ತು ಇಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಸೇರಿ ಮಾಡಿದ ವಾಲ್ವ್, ಪಂಜರದೊಳಗೆ ಕುಣಿಯುವ ಒಂದು ಚೆಂಡು ಅಷ್ಟೇ. ಅದನ್ನು ಹಾಕಿಸಿಕೊಂಡು ದಶಕಗಳ ಕಾಲ ಬದುಕಿದವರಿದ್ದಾರೆ. ತೊಂದರೆ ಬೇರೆ ಕಡೆ ಇದೆ. ಹೊರಗಿನ ವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ವಾಲ್ವ್ ಬಾಗಿಲನ್ನೇ ಹಿಡಿದು ನಿಲ್ಲಿಸಬಹುದು, ಅಥವಾ ಮಿದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ಅದಕ್ಕೆ ಬದುಕಿರುವವರೆಗೂ ದಿನಾ ವಾರ್ಫರಿನ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ಅಥವಾ ಅದೇ ಜಾತಿಯ ಇನ್ನೊಂದು, ಜೊತೆಗೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡಲು ಆಗಾಗ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ. ಮಾತ್ರೆ ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ, ಅವು ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಮೆಕ್ಯಾನಿಕಲ್ ವಾಲ್ವ್ ಇರುವವರಲ್ಲಿ ಅಂಥ ಒಂದು ಹೊಸ ಮಾತ್ರೆ ಡಾಬಿಗಾಟ್ರಾನ್ ಪ್ರಯತ್ನಿಸಿ ನೋಡಿದಾಗ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ ಆ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು.

ಟಿಶ್ಯೂ ವಾಲ್ವ್‌ಗೆ ಈ ಕಟ್ಟುಪಾಡಿಲ್ಲ. ಮೊದಲ ಮೂರರಿಂದ ಆರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಕೊಡಬಹುದು, ಆಮೇಲೆ ಹೆಚ್ಚಿನವರಿಗೆ ಆಸ್ಪಿರಿನ್ ಸಾಕು. ಆದರೆ ಇದು ಸವೆಯುತ್ತದೆ. ಸಾಮಾನ್ಯವಾಗಿ 10ರಿಂದ 15 ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ. ವಯಸ್ಸು ಚಿಕ್ಕದಿದ್ದಷ್ಟೂ ಬೇಗ ಕೆಡುತ್ತದೆ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಎಪ್ಪತ್ತರಲ್ಲಿ ಹಾಕಿಸಿಕೊಂಡವರಿಗೆ ಜೀವನಪೂರ್ತಿ ಸಾಕಾಗಬಹುದು. ಮೂವತ್ತೈದರಲ್ಲಿ ಹಾಕಿಸಿಕೊಂಡವರಿಗೆ ಇನ್ನೊಂದು ಆಪರೇಷನ್ ಬರುತ್ತದೆ ಅಂತಲೇ ಅಂದುಕೊಳ್ಳಬೇಕು.

ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎರಡರಲ್ಲೂ ಒಂದೊಂದು ಕಷ್ಟ ಇದೆ. ಒಂದು ದಿನದಿನದ ಕಷ್ಟ, ಇನ್ನೊಂದು ಮುಂದೆ ಯಾವಾಗಲೋ ಒಟ್ಟಿಗೆ ಬರುವ ಕಷ್ಟ. ನಿಮ್ಮ ಬದುಕಿಗೆ ಯಾವ ಕಷ್ಟ ಹೊಂದುತ್ತದೆ ಅಂತ ನೋಡಿ ಆರಿಸಬೇಕು. ಇದನ್ನು ನಿಮ್ಮ ಪರವಾಗಿ ಸರ್ಜನ್ ಒಬ್ಬರೇ ತೀರ್ಮಾನಿಸಲು ಆಗುವುದಿಲ್ಲ, ಯಾಕೆಂದರೆ ನಿಮ್ಮ ದಿನ ಹೇಗೆ ಸಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲ.

ವಯಸ್ಸಿನ ಲೆಕ್ಕ ಒಂದು ಆಧಾರ. ಅಮೆರಿಕದ ಹೃದಯ ತಜ್ಞರ 2020ರ ಮಾರ್ಗಸೂಚಿ ಪ್ರಕಾರ, ಅಯೋರ್ಟಿಕ್ ವಾಲ್ವ್‌ಗೆ 50ರ ಒಳಗಿನವರಿಗೆ ಸಾಮಾನ್ಯವಾಗಿ ಮೆಕ್ಯಾನಿಕಲ್, 65 ದಾಟಿದವರಿಗೆ ಟಿಶ್ಯೂ, ನಡುವಿನವರು ಕೂತು ಮಾತಾಡಿ ತೀರ್ಮಾನಿಸಬೇಕು. ಯುರೋಪಿನವರ ಗಡಿ ಸ್ವಲ್ಪ ಮೇಲಿದೆ, 60ರ ಒಳಗೆ ಮೆಕ್ಯಾನಿಕಲ್ ಅನ್ನುತ್ತಾರೆ. 53ರ ಅಕ್ಕ ಸರಿಯಾಗಿ ಈ ನಡುವಿನ ಜಾಗದಲ್ಲಿದ್ದಳು.

ವಯಸ್ಸಿನ ಜೊತೆಗೆ ಇವನ್ನೂ ಯೋಚಿಸಿ. ಗರ್ಭಿಣಿಯಾಗುವ ಆಸೆ ಇದೆಯೇ? ವಾರ್ಫರಿನ್ ಮಗುವಿಗೂ ದಾಟುತ್ತದೆ, ಮೊದಲ ಮೂರು ತಿಂಗಳಲ್ಲಿ ಅಂಗಗಳು ಬೆಳೆಯುವಾಗ ತೊಂದರೆ ಮಾಡಬಹುದು. ಮಾತ್ರೆ ಬದಲಿಸಿದರೆ ತಾಯಿಯ ವಾಲ್ವ್‌ನಲ್ಲಿ ಹೆಪ್ಪುಗಟ್ಟುವ ಭಯ. ಇದಕ್ಕೇ ಎಷ್ಟೋ ಹೆಣ್ಣುಮಕ್ಕಳು, ಮುಂದೆ ಇನ್ನೊಂದು ಆಪರೇಷನ್ ಇದೆ ಅಂತ ಗೊತ್ತಿದ್ದೂ ಟಿಶ್ಯೂ ಆರಿಸುತ್ತಾರೆ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದ್ದುಂಟೇ? ಪದೇ ಪದೇ ಬೀಳುತ್ತೀರಾ? ಪೆಟ್ಟು ಬೀಳುವ ಆಟ ಅಥವಾ ಕೆಲಸವೇ? ರಕ್ತ ಪರೀಕ್ಷೆ ಮಾಡಿಸಲು ಸುಲಭವಾಗಿ ಹೋಗಿ ಬರುವ ಜಾಗದಲ್ಲಿದ್ದೀರಾ? ಮಾತ್ರೆ ಮರೆಯುವ ಅಭ್ಯಾಸ ಇದೆಯೇ? ಈ ಕೊನೆಯದಕ್ಕೆ ನಿಜವಾದ ಉತ್ತರ ಕೊಡಿ, ಡಾಕ್ಟರ್ ಮುಂದೆ ಒಳ್ಳೆಯವರಾಗಲು ಹೋಗಬೇಡಿ. ಸದ್ದಿನ ಬಗ್ಗೆಯೂ ಕೇಳಿ. ಮೆಕ್ಯಾನಿಕಲ್ ವಾಲ್ವ್‌ನ ಟಿಕ್ ಟಿಕ್ ರಾತ್ರಿ ದಿಂಬಿಗೆ ತಲೆ ಇಟ್ಟಾಗ ಕೇಳಿಸುತ್ತದೆ. ಕೆಲವರಿಗೆ ತಿಂಗಳೊಳಗೆ ರೂಢಿಯಾಗುತ್ತದೆ, ಕೆಲವರಿಗೆ ನಿದ್ದೆ ಕೆಡುತ್ತದೆ.

ಟಿಶ್ಯೂ ಆರಿಸುವ ಹಾಗಿದ್ದರೆ ಇನ್ನೊಂದು ಪ್ರಶ್ನೆ ಇದೆ, ಇದನ್ನು ಕೇಳುವವರು ಕಡಿಮೆ. ಸವೆದ ಟಿಶ್ಯೂ ವಾಲ್ವ್‌ನ ಒಳಗೆ, ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸಲು ಈಗ ಸಾಧ್ಯ. ಆದರೆ ಹೊಸದು ಹಳೆಯದರ ಒಳಗೆ ಕೂರಬೇಕು, ಅಲ್ವಾ? ಹಳೆಯದೇ ತೀರಾ ಚಿಕ್ಕದಿದ್ದರೆ ಒಳಗಿನದು ಇನ್ನೂ ಚಿಕ್ಕದಾಗುತ್ತದೆ. ಅದಕ್ಕೆ ಮೊದಲ ಆಪರೇಷನ್‌ಗೆ ಮುಂಚೆಯೇ ಕೇಳಿ: "ನನಗೆ ಯಾವ ಸೈಜ್ ಹಾಕಬಹುದು? ಮುಂದೆ ಅದರೊಳಗೆ ಇನ್ನೊಂದು ಹಿಡಿಸುತ್ತಾ?"

ಅಕ್ಕ ಎರಡು ವಾರ ಯೋಚಿಸಿದಳು. ಅವಳು ಲೆಕ್ಕಪತ್ರ ಬರೆಯುವ ಕೆಲಸದವಳು, ದಿನಾ ಒಂದೇ ಹೊತ್ತಿಗೆ ಏಳುವವಳು. "ಮಾತ್ರೆ ನಾನು ಮರೆಯಲ್ಲ, ಇನ್ನೊಂದು ಸಲ ಎದೆ ಕೊಯ್ಯಿಸಿಕೊಳ್ಳೋಕೆ ನನ್ನ ಕೈಲಾಗಲ್ಲ" ಅಂದು ಮೆಕ್ಯಾನಿಕಲ್ ಆರಿಸಿದಳು. ನನಗಾಗಿದ್ದರೆ ಬಹುಶಃ ಟಿಶ್ಯೂ ಆರಿಸುತ್ತಿದ್ದೆ. ಇಬ್ಬರದೂ ಸರಿಯೇ.

ಎದೆ ಕೊಯ್ಯದೆ ಹಾಕುವ ವಿಧಾನವೂ ಇದೆಯಲ್ಲ, ಟಾವಿ ಅಂತಾರೆ. 2002ರಲ್ಲಿ ಫ್ರಾನ್ಸ್‌ನ ಅಲೈನ್ ಕ್ರಿಬಿಯೆ ಮೊದಲ ಸಲ ಮನುಷ್ಯರಲ್ಲಿ ಮಾಡಿದ್ದು. ಇದು ಮುಖ್ಯವಾಗಿ ಕಿರಿದಾದ ಅಯೋರ್ಟಿಕ್ ವಾಲ್ವ್‌ಗೆ, ಅದರಲ್ಲೂ ವಯಸ್ಸಾದವರಿಗೆ. ಅದೇ 2020ರ ಮಾರ್ಗಸೂಚಿಯಲ್ಲಿ 80 ದಾಟಿದವರಿಗೆ ಇದೇ ಮೊದಲ ಆಯ್ಕೆ, 65ರಿಂದ 80ರವರೆಗೆ ಎರಡೂ ಆಗಬಹುದು. ಚಿಕ್ಕ ವಯಸ್ಸಿನವರಿಗೆ ರಾಸ್ ಅನ್ನುವ ಆಪರೇಷನ್ ಕೂಡ ಇದೆ. ಅದರಲ್ಲಿ ಬಲಗಡೆಯ ನಿಮ್ಮದೇ ಪಲ್ಮನರಿ ವಾಲ್ವ್ ತೆಗೆದು ಅಯೋರ್ಟಿಕ್ ಜಾಗಕ್ಕೆ ಹೊಲಿದು, ಖಾಲಿಯಾದ ಜಾಗಕ್ಕೆ ದಾನಿಯ ವಾಲ್ವ್ ಹಾಕುತ್ತಾರೆ. ಕಷ್ಟದ ಕೆಲಸ, ಅದರಲ್ಲೇ ಅನುಭವ ಇರುವವರ ಹತ್ತಿರ ಮಾತ್ರ ಮಾಡಿಸಿಕೊಳ್ಳಬೇಕು.

ಹಲ್ಲು ಮೊದಲು

ಆಪರೇಷನ್‌ಗೆ ಮುಂಚೆ ಮಾಡಿಸಬೇಕಾದ ಪರೀಕ್ಷೆಗಳ ಪಟ್ಟಿ ಕೊಡುತ್ತಾರೆ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ, ಉಸಿರಾಟದ ಪರೀಕ್ಷೆ, ಹೃದಯದ ರಕ್ತನಾಳ ಕಟ್ಟಿದೆಯೇ ಅಂತ ನೋಡಲು ಆಂಜಿಯೋಗ್ರಾಮ್ ಇತ್ಯಾದಿ. ರಕ್ತನಾಳ ಕಟ್ಟಿದ್ದರೆ ಅದೇ ಆಪರೇಷನ್‌ನಲ್ಲಿ ಬೈಪಾಸ್ ಕೂಡ ಮಾಡುತ್ತಾರೆ. ಆ ಪಟ್ಟಿಯ ಕೊನೆಯಲ್ಲಿ ಹಲ್ಲಿನ ತಪಾಸಣೆ ಅಂತ ಬರೆದಿತ್ತು. ಹೃದಯದ ಆಪರೇಷನ್‌ಗೂ ಹಲ್ಲಿಗೂ ಏನು ಸಂಬಂಧ ಅಂತ ನಾವು ಅದನ್ನು ಕೊನೆಗೆ ಬಿಟ್ಟೆವು.

ಆಪರೇಷನ್‌ಗೆ ನಾಲ್ಕು ದಿನ ಇರುವಾಗ ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಅಕ್ಕನಿಗೆ ಒಂದು ಚೂರೂ ನೋವಿರಲಿಲ್ಲ. ಎಕ್ಸ್‌ರೇಯಲ್ಲಿ ಒಂದು ದವಡೆ ಹಲ್ಲಿನ ಬೇರಿನ ತುದಿಯಲ್ಲಿ ಕಡಲೆ ಕಾಳಿನಷ್ಟು ಕಪ್ಪು ಕಲೆ, ಕೀವು ಕಟ್ಟಿತ್ತು. ಹಲ್ಲು ಕಿತ್ತು, ಆ್ಯಂಟಿಬಯೋಟಿಕ್ ಕೊಟ್ಟು, ಗಾಯ ಮಾಗುವವರೆಗೆ ಆಪರೇಷನ್ ಮೂರು ವಾರ ಮುಂದೆ ಹೋಯಿತು. ರಜೆ ಹಾಕಿದ್ದವರೆಲ್ಲ ರಜೆ ಬದಲಿಸಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಮೂರು ವಾರ ಅವಳು ರಾತ್ರಿ ಎದ್ದಾಗಲೆಲ್ಲ ನನಗೂ ಎಚ್ಚರವಾಗುತ್ತಿತ್ತು. ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿದರೆ ಹೊಸ ವಾಲ್ವ್ ಮೇಲೆ ಕೂರುತ್ತದೆ, ಆ ಸೋಂಕು ಜೀವ ತೆಗೆಯುವಂಥದ್ದು. ಆದ್ದರಿಂದ ವಾಲ್ವ್ ಬದಲಿಸಬೇಕು ಅಂದ ವಾರವೇ ಹಲ್ಲು ತೋರಿಸಿ. ತುಂಬಿಸುವುದು, ಕೀಳಿಸುವುದು, ಕ್ಲೀನ್ ಮಾಡಿಸುವುದು ಎಲ್ಲ ಮೊದಲೇ ಮುಗಿಯಲಿ.

ಮಾತ್ರೆಗಳ ಚೀಟಿ

ನೀವು ತೆಗೆದುಕೊಳ್ಳುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಹೆಸರು, ಪ್ರಮಾಣ, ಹೊತ್ತು ಸಮೇತ. ಎಲ್ಲ ಅಂದರೆ ಎಲ್ಲ. ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಡಮೂಲಿಕೆ ಔಷಧ, ಮಂಡಿ ನೋವಿಗೆ ಆಗೊಮ್ಮೆ ಈಗೊಮ್ಮೆ ನುಂಗುವ ಮಾತ್ರೆ ಕೂಡ. ಇವುಗಳಲ್ಲಿ ಹಲವು ರಕ್ತವನ್ನು ತೆಳು ಮಾಡುತ್ತವೆ. ಯಾವುದಕ್ಕೆ ಅಲರ್ಜಿ ಇದೆ ಅನ್ನುವುದನ್ನು ಅದೇ ಹಾಳೆಯ ಮೇಲ್ಭಾಗದಲ್ಲಿ ಕೆಂಪು ಪೆನ್ನಲ್ಲಿ ಬರೆಯಿರಿ. ಈ ಹಾಳೆಯ ನಾಲ್ಕು ಜೆರಾಕ್ಸ್ ಇಟ್ಟುಕೊಂಡರೆ ಒಳ್ಳೆಯದು, ಪ್ರತಿಯೊಬ್ಬ ಡಾಕ್ಟರ್ ಅದನ್ನೇ ಕೇಳುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ. ಆಸ್ಪಿರಿನ್ ಅನ್ನು ಎಷ್ಟೋ ಸಲ ಮುಂದುವರಿಸುತ್ತಾರೆ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಕನಿಷ್ಠ 3 ದಿನ ಮುಂಚೆ ನಿಲ್ಲಿಸದಿದ್ದರೆ ಉಪವಾಸದ ಹೊತ್ತಿಗೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಯಾವ ಮಾತ್ರೆ, ಯಾವ ತಾರೀಖಿನಿಂದ ಬೇಡ ಅನ್ನುವುದನ್ನು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ.

ಮೈ ತಯಾರಿ

ಸಿಗರೇಟು ಸೇದುವವರು ಇವತ್ತೇ ಬಿಡಿ. ನಾಲ್ಕು ವಾರ ಬಿಟ್ಟರೂ ಆಪರೇಷನ್ ಆದ ಮೇಲೆ ಶ್ವಾಸಕೋಶಕ್ಕೆ ತುಂಬಾ ವ್ಯತ್ಯಾಸ ಆಗುತ್ತದೆ. ರಕ್ತ ಕಡಿಮೆ ಇದ್ದರೆ, ಅಂದರೆ ಹಿಮೋಗ್ಲೋಬಿನ್ ಇಳಿದಿದ್ದರೆ, ಕಬ್ಬಿಣದ ಅಂಶ ಏರಿಸಲು ಸಮಯ ಬೇಕು, ಬೇಗ ಕೇಳಿ. ಸಕ್ಕರೆ ಹತೋಟಿಗೆ ಬರಲಿ, ಇಲ್ಲದಿದ್ದರೆ ಗಾಯ ಬೇಗ ಮಾಗುವುದಿಲ್ಲ. ನಡಿಗೆ, ವ್ಯಾಯಾಮ ಡಾಕ್ಟರ್ ಹೇಳಿದಷ್ಟೇ. ಅಯೋರ್ಟಿಕ್ ವಾಲ್ವ್ ತೀವ್ರವಾಗಿ ಕಿರಿದಾದವರು ಮೈ ಗಟ್ಟಿ ಮಾಡಿಕೊಳ್ಳುತ್ತೇನೆ ಅಂತ ಜೋರಾಗಿ ವ್ಯಾಯಾಮ ಮಾಡಲೇಬಾರದು.

ಉಸಿರಾಟದ ಅಭ್ಯಾಸ ಮಾತ್ರ ಎಲ್ಲರೂ ಮಾಡಬಹುದು. ಮೂರು ಚಿಕ್ಕ ಚೆಂಡಿರುವ ಪ್ಲಾಸ್ಟಿಕ್ ಉಪಕರಣ ಸಿಗುತ್ತದೆ, ನಳಿಕೆ ಬಾಯಲ್ಲಿಟ್ಟು ಉಸಿರು ಎಳೆದರೆ ಚೆಂಡು ಮೇಲೇಳುತ್ತದೆ. ಊದುವುದಲ್ಲ, ಎಳೆಯುವುದು. ಅಕ್ಕ ಮೊದಲ ದಿನ ಒಂದೇ ಚೆಂಡು ಎತ್ತಿದಳು, ಆಪರೇಷನ್ ಹೊತ್ತಿಗೆ ಎರಡು. ಎದೆ ನೋವಿರುವಾಗ ಹೊಸದಾಗಿ ಕಲಿಯುವುದಕ್ಕಿಂತ ಈಗಲೇ ಕಲಿತಿದ್ದರೆ ಸುಲಭ. ದಿಂಬನ್ನು ಎದೆಗೆ ಅಪ್ಪಿ ಹಿಡಿದು ಕೆಮ್ಮುವುದು, ಕೈ ಊರದೆ ಪಕ್ಕಕ್ಕೆ ಹೊರಳಿ ಏಳುವುದು, ಇವನ್ನೂ ಮನೆಯಲ್ಲಿ ಹತ್ತು ಸಲ ಮಾಡಿ ನೋಡಿ. ಎದೆ ಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಗಾಡಿ ಓಡಿಸುವಂತಿಲ್ಲ. ಮುಂದೆ ಗುಂಡಿ ಇರುವ ಬಟ್ಟೆ ತೆಗೆದಿಡಿ, ದಿನಾ ಬೇಕಾಗುವ ಸಾಮಾನನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಡಿ.

ಹಿಂದಿನ ರಾತ್ರಿ, ಆಪರೇಷನ್ ದಿನ

ಹಿಂದಿನ ರಾತ್ರಿ ಕ್ರಿಮಿನಾಶಕ ಸೋಪಿನಿಂದ ಸ್ನಾನ. ಎದೆಯ ಕೂದಲನ್ನು ನೀವೇ ಬ್ಲೇಡ್ ಹಾಕಿ ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಬರುತ್ತದೆ. ಊಟ, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಅರಿವಳಿಕೆ ಡಾಕ್ಟರ್ ಹೇಳುತ್ತಾರೆ. ಜ್ವರ, ಕೆಮ್ಮು, ಮೈಮೇಲೆ ಕೀವುಗುಳ್ಳೆ ಏನೇ ಕಂಡರೂ ಮುಚ್ಚಿಡದೆ ಹೇಳಿ.

ಮನೆಯವರಿಗೆ ಒಂದು ಮಾತು. ಆಪರೇಷನ್ ಸಾಮಾನ್ಯವಾಗಿ 3ರಿಂದ 5 ಗಂಟೆ, ಒಳಗೆ ಕರೆದುಕೊಂಡು ಹೋಗಿದ್ದರಿಂದ ಹಿಡಿದು ಸುದ್ದಿ ಬರುವವರೆಗೆ ಇನ್ನೂ ಜಾಸ್ತಿ ಆಗುತ್ತದೆ. ಐಸಿಯುನಲ್ಲಿ ಮೊದಲ ಸಲ ನೋಡುವಾಗ ಧೈರ್ಯ ಬೇಕು. ಬಾಯಲ್ಲಿ ಉಸಿರಿನ ಟ್ಯೂಬ್, ಎದೆಯ ಕೆಳಗಿನಿಂದ ರಕ್ತ ಬಸಿಯುವ ನಳಿಕೆ, ಕುತ್ತಿಗೆಯಲ್ಲಿ ಸೂಜಿಗಳು, ಮುಖ ಊದಿಕೊಂಡಿರುತ್ತದೆ. ಅಕ್ಕನ ಕೈ ಮುಟ್ಟಿದಾಗ ತಣ್ಣಗಿತ್ತು, ನನ್ನ ಕಾಲು ನಡುಗಿತು. ಆಪರೇಷನ್ ಹೊತ್ತಿಗೆ ಮೈ ತಂಪು ಮಾಡಿರುತ್ತಾರೆ, ಅದಕ್ಕೆ ಹಾಗೆ ಅಂತ ನರ್ಸ್ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಟ್ಯೂಬ್ ಇರುವಾಗ ಮಾತು ಬರುವುದಿಲ್ಲ, ಹಾಗಾಗಿ ನೋವು, ಬಾಯಾರಿಕೆ, ಚಳಿ ಇವಕ್ಕೆ ಕೈಸನ್ನೆ ಮೊದಲೇ ಗೊತ್ತು ಮಾಡಿಕೊಂಡಿರಿ. ಆಮೇಲಿನ ದಿನಗಳಲ್ಲಿ ಎದೆ ಬಡಿತ ತಾಳ ತಪ್ಪುವುದು, ಸ್ವಲ್ಪ ಗಲಿಬಿಲಿ, ಕಾರಣವಿಲ್ಲದೆ ಅಳು ಬರುವುದು ಎಷ್ಟೋ ಜನರಿಗೆ ಆಗುತ್ತದೆ. ಆಗುವುದೇ ಬಿಡು ಅಂತ ಸುಮ್ಮನಿರದೆ ನರ್ಸ್‌ಗೆ ತಿಳಿಸಿ.

ಮನೆಗೆ ಬಂದ ಮೇಲೆ

ಮೆಕ್ಯಾನಿಕಲ್ ವಾಲ್ವ್ ಇದ್ದರೆ ನಿಮ್ಮ ಐಎನ್‌ಆರ್ ಎಷ್ಟಿರಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆ ತೆಗೆದುಕೊಳ್ಳದವರಿಗೆ ಅದು 1ರ ಆಸುಪಾಸು. ಅಯೋರ್ಟಿಕ್ ಜಾಗದಲ್ಲಿ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್‌ನಲ್ಲಿ 2.5ರಿಂದ 3.5 ಇರಬೇಕು. ಮೊದಮೊದಲು ಪದೇ ಪದೇ ಪರೀಕ್ಷೆ, ಒಂದು ಮಟ್ಟಕ್ಕೆ ನಿಂತ ಮೇಲೆ ನಾಲ್ಕು ವಾರಕ್ಕೊಮ್ಮೆ ಸಾಕಾಗಬಹುದು. ಅಕ್ಕ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದಾಳೆ: ತಾರೀಖು, ಐಎನ್‌ಆರ್, ಎಷ್ಟು ಮಿಲಿಗ್ರಾಂ, ಆ ವಾರ ಬೇರೆ ಯಾವ ಔಷಧ. ಸೊಪ್ಪು ತಿನ್ನಲೇಬಾರದು ಅಂತ ಹೆದರಿಸುವವರಿದ್ದಾರೆ. ತಿನ್ನಬಹುದು, ಆದರೆ ವಾರವಾರ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೇಳದೆ ನುಂಗಬೇಡಿ. ಯಾರಾದರೂ ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ ವಾರ್ಫರಿನ್ ವಿಷಯ ಹೇಳಿ, ಪರೀಕ್ಷೆ ಬೇಗ ಮಾಡಿಸಿ.

ಮುಂದೆ ಹಲ್ಲು ಕೀಳಿಸುವಾಗ ಅಥವಾ ವಸಡಿಗೆ ಕೈ ಹಾಕುವ ಯಾವುದೇ ಚಿಕಿತ್ಸೆಗೆ ಮುಂಚೆ ಆ್ಯಂಟಿಬಯೋಟಿಕ್ ಬೇಕು, ಟಿಶ್ಯೂ ವಾಲ್ವ್ ಇದ್ದವರಿಗೂ ಬೇಕು. ಕಾರಣ ಗೊತ್ತಾಗದ ಜ್ವರ, ಚಳಿ ಬಂದರೆ ಮನೆಯಲ್ಲಿದ್ದ ಆ್ಯಂಟಿಬಯೋಟಿಕ್ ನುಂಗಬೇಡಿ. ಮೊದಲು ರಕ್ತದಲ್ಲಿ ಕ್ರಿಮಿ ಇದೆಯೇ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ಕೊಡಬೇಕು, ಇಲ್ಲದಿದ್ದರೆ ವಾಲ್ವ್ ಸೋಂಕು ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಶಕ್ತಿ ಕಳೆದುಕೊಂಡರೆ, ಮಲ ಟಾರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ, ದಿನಾ ಕೇಳುತ್ತಿದ್ದ ಟಿಕ್ ಸದ್ದು ಮಂಕಾದರೆ ಅಥವಾ ನಿಂತುಹೋದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ವಾಲ್ವ್‌ನ ಮಾದರಿ, ಸೈಜ್, ನಂಬರ್ ಇರುವ ಕಾರ್ಡ್ ಕೊಟ್ಟಿರುತ್ತಾರೆ. ಅದೂ, ಐಎನ್‌ಆರ್ ನೋಟ್‌ಬುಕ್ಕೂ ಜೊತೆಗಿರಲಿ.